ರೈಟ್ರಮ್ಮನ ಮಳೆಗಾಲ

ಕೊಡಗಿಗೆ ಮಳೆಗಾಲ ಬರುವುದು ಜೂನ್‌ನಲ್ಲಿ. ನಮ್ಮ ಮನೆಯಲ್ಲಿ ಅದರ ಕೆಲಸ ಏಪ್ರಿಲ್‌ಗೇ ಶುರುವಾಗುತ್ತಿತ್ತು. ತೋಟದಲ್ಲಿ ಮರಗಸಿ ಮಾಡಿದ, ಅಂದರೆ ನೆರಳಿನ ಮರಗಳಿಂದ ಸವರಿದ, ಕೊಂಬೆಗಳು ನೆಲಕ್ಕೆ ಬಿದ್ದ ಕೂಡಲೇ ಅಮ್ಮ ಸೆರಗು ಸಿಕ್ಕಿಸಿಕೊಂಡು ಸೌದೆಗೆ ಹೊರಡುತ್ತಿದ್ದಳು. ಯಾವುದು ಚೆನ್ನಾಗಿ ಉರಿಯುತ್ತದೆ, ಯಾವುದು ಬರೀ ಹೊಗೆ ಕೊಡುತ್ತದೆ ಎಂದು ಅವಳಿಗೆ ನೋಡಿದರೇ ಗೊತ್ತಾಗುತ್ತಿತ್ತು. ಕಿತ್ತು ಹಾಕಿದ ಹಳೇ ಕಾಫಿ ಗಿಡ ಸಿಕ್ಕಿದರೆ ಅದನ್ನು ಬೇರೆಯೇ ಎತ್ತಿಡುತ್ತಿದ್ದಳು. ಕಾಫಿ ಕಟ್ಟಿಗೆಯ ಕೆಂಡ ಬೇಗ ಆರುವುದಿಲ್ಲ. ಅದು ಜುಲೈ ತಿಂಗಳಿಗೆ. ಅಡುಗೆಗಲ್ಲ, ಬಟ್ಟೆ ಒಣಗಿಸುವುದಕ್ಕೆ.

ಸೌದೆ ಅಟ್ಟ ಸೇರಿದ ಮೇಲೆ ಮಿಕ್ಕಿದ್ದು. ಹಲಸಿನ ಬೀಜಕ್ಕೆ ಕೆಮ್ಮಣ್ಣು ಬಳಿದು ಒಣಗಿಸಿ ಮೂಲೆಯಲ್ಲಿ ಗುಡ್ಡೆ ಹಾಕುವುದು. ಕಾಡು ಮಾವಿನ ಮಿಡಿ ಉಪ್ಪಿಗೆ ಹಾಕುವುದು. ಒಣಮೀನನ್ನು ಇನ್ನೊಮ್ಮೆ ಬಿಸಿಲಿಗೆ ಹಾಕಿ ಡಬ್ಬಿಗೆ ತುಂಬುವುದು. ಮೆಣಸಿನಕಾಯಿ, ಹಪ್ಪಳ, ಬೇಳೆ, ಸೀಮೆಎಣ್ಣೆ, ಲಾಟೀನಿನ ಬತ್ತಿ. ಜಿಗಣೆಗೆ ಹಚ್ಚಲು ಸುಣ್ಣ ಮತ್ತು ಹೊಗೆಸೊಪ್ಪು. ಇವೆಲ್ಲ ಮೇ ತಿಂಗಳ ಕೊನೆಯೊಳಗೆ ಆಗಲೇಬೇಕು. ಒಂದು ಸಲ ಮಳೆ ಹಿಡಿದರೆ ವಾರಗಟ್ಟಲೆ ಬಿಸಿಲಿಲ್ಲ, ಕರೆಂಟಿಲ್ಲ, ಪೇಟೆಗೆ ಹೋಗಲು ಬಸ್ಸೂ ಇಲ್ಲ.

ಅಮ್ಮ ತೀರಿಕೊಂಡು ವರ್ಷ ದಾಟಿತು. ಬಂದವರೆಲ್ಲ ಗಂಡ ಮಕ್ಕಳಿಗೋಸ್ಕರ ಜೀವ ತೇದವಳು ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಸುಳ್ಳೂ ಅಲ್ಲ. ಆದರೆ ಹಾಗೆ ಹೇಳಿದಾಗ ಅವಳು ದಿನಾ ಏನು ಮಾಡುತ್ತಿದ್ದಳು ಅನ್ನುವುದು ಕಾಣುವುದೇ ಇಲ್ಲ. ಅಮ್ಮನಿಗೆ ಪ್ರೀತಿ ಬಾಯಿಮಾತಿನಲ್ಲಿ ಇರಲಿಲ್ಲ. ನಾಳೆ ಯಾರಿಗೆ ಏನು ಬೇಕಾಗುತ್ತದೆ ಎಂದು ಇವತ್ತೇ ಯೋಚಿಸಿ, ಅದನ್ನು ಸಿದ್ಧ ಮಾಡಿ, ಕೈಗೆ ಸಿಗುವ ಜಾಗದಲ್ಲಿ ಇಟ್ಟಿರುತ್ತಿದ್ದಳು. ಅವಳ ಪ್ರೀತಿ ಅಂದರೆ ನನ್ನ ಮಟ್ಟಿಗೆ ಅದೇ. ಅದಕ್ಕೆ ತಲೆ ಬೇಕು, ಅನುಭವ ಬೇಕು. ಅದರ ಬಗ್ಗೆ ಬರೆಯಬೇಕು ಅನ್ನಿಸಿತು.

ಮಳೆಯ ವಿದ್ಯೆ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಅಮ್ಮ ಪಿರಿಯಾಪಟ್ಟಣದ ಕಡೆಯವಳು. ಹೊಗೆಸೊಪ್ಪು, ರಾಗಿ, ಹುರುಳಿ ಬೆಳೆಯುವ ಊರು. ಅಲ್ಲಿಂದ ಬಸ್ ಹತ್ತಿದರೆ ಕೊಪ್ಪ, ಕಾವೇರಿ ಸೇತುವೆ, ದಾಟಿದರೆ ಕುಶಾಲನಗರ, ಸುಂಟಿಕೊಪ್ಪ, ಆಮೇಲೆ ಮಾದಾಪುರದ ರಸ್ತೆ. ಅಂಥ ದೂರವೇನಲ್ಲ. ಆದರೆ ಸೇತುವೆಯ ಆ ಕಡೆ ಮಳೆ ಬರಲಿ ಎಂದು ಕಾಯುವ ಜನ, ಈ ಕಡೆ ಮಳೆ ಹೊಳವಾಗಲಿ ಎಂದು ಕಾಯುವ ಜನ. ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ಅವಳು ತಂದ ಸೀರೆಗಳಿಗೆಲ್ಲ ಬೂಷ್ಟು ಹಿಡಿಯಿತಂತೆ. ಟ್ರಂಕು ತೆರೆದು ಅತ್ತಿದ್ದೆ ಎಂದು ಹೇಳುತ್ತಿದ್ದಳು.

ಅಪ್ಪ ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ತೋಟದ ಜೀವನ ಗೊತ್ತಿಲ್ಲದವರಿಗೆ ಹೇಳುವುದಾದರೆ, ಆಳುಗಳ ಹಾಜರಿ, ಯಾರು ಯಾವ ಕೆಲಸಕ್ಕೆ, ಎಷ್ಟು ಕುಯ್ದರು, ಎಷ್ಟು ಸಂಬಳ, ಇದನ್ನೆಲ್ಲ ಬರೆದಿಡುವವರು ರೈಟರ್. ನಮಗೆ ತೋಟದಲ್ಲೇ ಒಂದು ಕ್ವಾರ್ಟರ್ಸ್ ಇತ್ತು. ಆಳುಗಳು ಇರುವ ಲೈನ್ ಮನೆಗಳಿಗೂ ಸಾಹುಕಾರರ ಬಂಗಲೆಗೂ ನಡುವೆ, ದಿಣ್ಣೆಯ ಮೇಲೆ. ಲೈನಿನವರಿಗೆ ಅಮ್ಮ ‘ರೈಟ್ರಮ್ಮ’. ಅವಳ ಸ್ವಂತ ಹೆಸರು ಹಿಡಿದು ಕರೆಯುವವರು ತವರಿನವರು ಮಾತ್ರ.

ಅವಳಿಗೆ ಮಳೆಗಾಲ ಕಲಿಸಿದ್ದು ಪಕ್ಕದ ತೋಟದ ಗೌಡರ ಮನೆಯ ಒಬ್ಬ ಹಿರಿಯರು. ಮನೆಯಲ್ಲಿ ಅರೆಭಾಷೆ ಆಡುವವರು. ಅಮ್ಮ ಅವರನ್ನು ಅಕ್ಕ ಅನ್ನುತ್ತಿದ್ದಳು, ನಮಗೆ ಅವರು ದೊಡ್ಡಮ್ಮ. ಆಟಿ ತಿಂಗಳ ಹದಿನೆಂಟನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಆಟಿ ಸೊಪ್ಪು ತಂದು ಬೇಯಿಸಿ ಆ ಕಡುನೇರಳೆ ನೀರಿನಲ್ಲಿ ಪಾಯಸ ಮಾಡುವುದನ್ನು ಅವರೇ ತೋರಿಸಿದ್ದು. ಕೊಡವರು ಮದ್ದು ತೊಪ್ಪು ಅನ್ನುತ್ತಾರಲ್ಲ, ಅದೇ. ಹದಿನೆಂಟು ಬಗೆಯ ಔಷಧ ಆ ದಿನ ಆ ಸೊಪ್ಪಿನಲ್ಲಿ ಸೇರುತ್ತದೆ ಎಂಬ ನಂಬಿಕೆ. ಕಣಿಲೆಯ ಪಾಠವೂ ಅವರದ್ದೇ. ಎಳೇ ಬಿದಿರಿನ ಮೊಳಕೆಯ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ಮೂರು ದಿನ ದಿನಾ ನೀರು ಬದಲಾಯಿಸಬೇಕು. ಅವಸರ ಮಾಡಿದರೆ ಕಹಿ ಮಾತ್ರವಲ್ಲ, ವಿಷದ ಅಂಶವೂ ಉಳಿಯುತ್ತದೆ. ಅಮ್ಮ ಇದನ್ನು ಕೇಳಿ ಹೆದರಿ, ಮೊದಲ ವರ್ಷ ನಾಲ್ಕನೇ ದಿನವೂ ನೀರು ಬದಲಾಯಿಸಿದ್ದಳಂತೆ.

ಬಟ್ಟೆ ಒಣಗಿಸುವ ಕ್ರಮವನ್ನೂ ದೊಡ್ಡಮ್ಮನೇ ಹೇಳಿಕೊಟ್ಟದ್ದು. ಹಳೇ ಬಾಂಡಲಿಯಲ್ಲಿ ಕಾಫಿ ಕಟ್ಟಿಗೆಯ ಕೆಂಡ. ಮೇಲೆ ದೊಡ್ಡ ಕಣ್ಣಿನ ಬಿದಿರು ಬುಟ್ಟಿ ಕವುಚಬೇಕು. ಅದರ ಮೇಲೆ ಬಟ್ಟೆ ಹರಡಬೇಕು. ಕೆಂಡದ ಮೇಲೆ ತೆಳುವಾಗಿ ಬೂದಿ ಇರಬೇಕು, ಇಲ್ಲದಿದ್ದರೆ ಬಟ್ಟೆ ಕಂದುತ್ತದೆ. ಬೂದಿ ಜಾಸ್ತಿಯಾದರೆ ಶಾಖವೇ ಏರುವುದಿಲ್ಲ. ಅಮ್ಮ ಬುಟ್ಟಿಯ ಮೇಲೆ ಅಂಗೈ ಇಟ್ಟು ನೋಡಿ, ಸ್ವಲ್ಪ ಬೂದಿ ಸರಿಸಿ, ಮತ್ತೆ ಅಂಗೈ ಇಟ್ಟು ನೋಡುತ್ತಿದ್ದಳು. ರಾತ್ರಿ ಊಟವಾದ ಮೇಲೆ ಶುರು. ಮೊದಲು ಅಪ್ಪನ ಪ್ಯಾಂಟು ಷರ್ಟು, ಬೆಳಿಗ್ಗೆ ಏಳಕ್ಕೆಲ್ಲ ಅವರು ಹಾಜರಿಗೆ ಹೋಗಬೇಕು. ಆಮೇಲೆ ನನ್ನ ಮತ್ತು ತಮ್ಮನ ಯೂನಿಫಾರ್ಮು. ಆಮೇಲೆ ಕಾಲುಚೀಲ, ಒಂದೊಂದನ್ನೂ ಒಳಮೈ ಹೊರಗೆ ಮಾಡಿ. ಅಷ್ಟರಲ್ಲಿ ಕೆಂಡ ಮುಗಿಯುತ್ತಿತ್ತು. ಅವಳ ಸೀರೆ ಬುಟ್ಟಿ ಏರಿದ್ದನ್ನು ನಾನು ನೋಡಿಲ್ಲ. ಅದು ನಡುಮನೆಯ ಹಗ್ಗದ ಮೇಲೇ ಇರುತ್ತಿತ್ತು. ಮಳೆಗಾಲದಲ್ಲಿ ಅಮ್ಮನನ್ನು ತಬ್ಬಿಕೊಂಡರೆ ಸೀರೆ ತಣ್ಣಗಿರುತ್ತಿತ್ತು. ಜುಲೈ, ಆಗಸ್ಟ್‌ನಲ್ಲಿ ಅವಳಿಗೆ ಕೆಮ್ಮು ಬಿಡುತ್ತಿರಲಿಲ್ಲ. ಇವೆರಡಕ್ಕೂ ಸಂಬಂಧ ಇತ್ತು ಎಂದೇ ನಾನು ನಂಬಿದ್ದೇನೆ. ಅದನ್ನು ತ್ಯಾಗ ಎಂದು ಹಾಡಿ ಹೊಗಳಲು ನನಗೆ ಮನಸ್ಸಾಗುವುದಿಲ್ಲ. ಇನ್ನೊಂದು ಬಾಂಡಲಿ ಕೆಂಡ ಹಾಕಿಕೊಡುವವರು ಮನೆಯಲ್ಲಿ ಇರಬೇಕಿತ್ತು.

ಅಪ್ಪ ಮಾತು ಕಡಿಮೆಯ ಮನುಷ್ಯ. ಒಳ್ಳೆಯವರೇ, ಆದರೆ ಮನೆಗೆ ಬಂದರೆ ತೋಟದ ಚಿಂತೆಯನ್ನೂ ಜೊತೆಗೇ ತರುತ್ತಿದ್ದರು. ಅಮ್ಮ ಅವರ ಮನಸ್ಸನ್ನು ಆಕಾಶ ನೋಡಿ ಅಂದಾಜು ಮಾಡುತ್ತಿದ್ದಳು. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬರಬೇಕು. ಒಂದು ಇಂಚಿನಷ್ಟು ಬಿದ್ದರೆ ರೋಬಸ್ಟಾ ಹೂ ಬಿಡುತ್ತದೆ. ಹೂ ಬಂದ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ಇಲ್ಲದಿದ್ದರೆ ಕಾಯಿ ಕಟ್ಟುವುದು ಕಷ್ಟ. ಮಳೆ ತಡವಾದರೆ ಕೆರೆ ನೀರೆತ್ತಿ ಸ್ಪ್ರಿಂಕ್ಲರ್ ಹಾಕಬೇಕು. ಆಗ ಡೀಸೆಲ್ ಪಂಪು ರಾತ್ರಿಯಿಡೀ ಓಡುತ್ತದೆ, ಸಾಹುಕಾರರಿಗೆ ಖರ್ಚು, ಅಪ್ಪನಿಗೆ ನಿದ್ದೆಗೆಡುವ ಕೆಲಸ. ಆ ದಿನಗಳಲ್ಲಿ ಅಮ್ಮ ನಮಗೆ ಮೊದಲೇ ಹೇಳಿಬಿಡುತ್ತಿದ್ದಳು. “ಮಳೆ ಬರೋವರೆಗೂ ಅಪ್ಪನ ಹತ್ರ ದುಡ್ಡು ಕೇಳ್ಬೇಡಿ. ಏನು ಬೇಕೋ ನಂಗೆ ಹೇಳಿ.” ಹೂಮಳೆ ಬಿದ್ದ ಸಂಜೆ ಅವಳು ಕಾಫಿಗೆ ಬೆಲ್ಲ ಸ್ವಲ್ಪ ಹೆಚ್ಚಾಗಿಯೇ ಹಾಕುತ್ತಿದ್ದಳು. ಅಪ್ಪ ಲೋಟ ಹಿಡಿದು ಜಗಲಿಯಲ್ಲಿ ಕೂರುತ್ತಿದ್ದರು. ನಮ್ಮ ಸ್ಕೂಲಿನ ಫೀಸಿನ ಮಾತು ಬರುತ್ತಿದ್ದದ್ದು ಆವಾಗ.

ಬಟವಾಡೆಯ ದಿನ ಲೈನಿನಲ್ಲಿ ಗಲಾಟೆ ಇರುತ್ತಿತ್ತು. ಕೆಲವು ಮನೆಗಳಲ್ಲಿ ಸಂಬಳ ಸಾರಾಯಿ ಅಂಗಡಿಗೇ ಹೋಗುತ್ತಿತ್ತು. ಆ ಮನೆಗಳ ಹೆಂಗಸರು ಹಿತ್ತಿಲ ಬಾಗಿಲಿಗೆ ಬಂದು ಅಮ್ಮನ ಕೈಯಲ್ಲಿ ಹತ್ತೋ ಇಪ್ಪತ್ತೋ ರೂಪಾಯಿ ಇಟ್ಟು ಹೋಗುತ್ತಿದ್ದರು. “ರೈಟ್ರಮ್ಮ, ಇಟ್ಕೊಳ್ಳಿ, ಆಮೇಲೆ ಕೇಳ್ತೀನಿ.” ಯಾರದ್ದೆಷ್ಟು ಎಂದು ಅಮ್ಮ ಬರೆದಿಟ್ಟು, ಕೇಳಿದಾಗ ಕೊಡುತ್ತಿದ್ದಳು. ಅಪ್ಪನಿಗೆ ಇದು ಬಹಳ ಕಾಲ ಗೊತ್ತೇ ಇರಲಿಲ್ಲ. ತೋಟದ ಲೆಕ್ಕ ಅಪ್ಪನದು, ಲೈನಿನ ಹೆಂಗಸರ ಲೆಕ್ಕ ಅಮ್ಮನದು. ಒಂದು ಪೈಸೆಯೂ ತಪ್ಪಿದ್ದಿಲ್ಲ.

ಲೆಕ್ಕದಲ್ಲಿ, ಓದಿನಲ್ಲಿ ಅವಳು ಜಾಣೆ. ಎಸ್ಸೆಸ್ಸೆಲ್ಸಿ ಮುಗಿಸಿ ಟಿಸಿಎಚ್ ಮಾಡಿ ಟೀಚರ್ ಆಗಬೇಕು ಅಂದುಕೊಂಡಿದ್ದಳು. ಅರ್ಜಿಯನ್ನೂ ತರಿಸಿದ್ದಳು. ಅಷ್ಟರಲ್ಲಿ ಮದುವೆ ಗೊತ್ತಾಯಿತು. ಯಾರೂ ಬಲವಂತ ಮಾಡಲಿಲ್ಲ, ಯಾರೂ ಕೇಳಲೂ ಇಲ್ಲ. ಇದನ್ನು ಅವಳು ದೂರಿನ ಹಾಗೆ ಹೇಳಿದ್ದು ನಾನು ಕೇಳಿಲ್ಲ. ಆದರೂ ಅದು ನಷ್ಟವೇ. ಅವಳಿಗೂ ನಷ್ಟ, ಅವಳಿಂದ ಕಲಿಯಬೇಕಾಗಿದ್ದ ಎಷ್ಟೋ ಮಕ್ಕಳಿಗೂ ನಷ್ಟ. ಲೈನಿನ ಮಕ್ಕಳು ಸಂಜೆ ನಮ್ಮ ಜಗಲಿಗೆ ಸ್ಲೇಟು ಹಿಡಿದು ಬರುತ್ತಿದ್ದರು. ತಮಿಳಿನ ಮಕ್ಕಳು, ತುಳುವಿನ ಮಕ್ಕಳು, ಎರವರ ಮಕ್ಕಳು. ಅಮ್ಮ ಕಣಿಲೆ ಹೆಚ್ಚುತ್ತಲೇ ಕಾಗುಣಿತ ಹೇಳಿಸುತ್ತಿದ್ದಳು.

2001ರ ಸುಮಾರಿಗೆ ಕಾಫಿ ಬೆಲೆ ನೆಲ ಕಚ್ಚಿತು. ಕೊಡಗಿನವರಿಗೆ ಆ ಕಾಲ ಮರೆಯುವಂಥದ್ದಲ್ಲ. ಬೆಳೆದ ಕಾಫಿಯನ್ನು ಕಾಫಿ ಬೋರ್ಡಿಗೇ ಕೊಡಬೇಕೆಂಬ ಕಟ್ಟು ಸಡಿಲವಾಗಿ, 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಏರಿದಾಗ ಮನೆ ಕಟ್ಟಿದವರು, ಜೀಪು ತಗೊಂಡವರು ಇದ್ದರು. ಕೆಲವೇ ವರ್ಷದಲ್ಲಿ ಎಲ್ಲ ತಿರುಗಿತು. ತೋಟಗಳಲ್ಲಿ ಆಳು ಕಡಿಮೆ ಮಾಡಿದರು, ಬೋನಸ್ ಇಳಿಯಿತು. ಅದೇ ಹೊತ್ತಿಗೆ ನಾನು ಮಡಿಕೇರಿಯ ಕಾಲೇಜಿಗೆ ಸೇರಬೇಕಿತ್ತು. ಹಾಸ್ಟೆಲ್, ಫೀಸು, ಪುಸ್ತಕ. ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಅಮ್ಮ ಒಳಗೆ ಹೋಗಿ ಎರಡು ಬಳೆ ತಂದು ಅವರ ಮುಂದಿಟ್ಟಳು. “ಅಡ ಇಟ್ಟು ಬನ್ನಿ. ಮೆಣಸು ಬಂದಾಗ ಬಿಡಿಸಿದ್ರಾಯ್ತು.” ಕ್ವಾರ್ಟರ್ಸಿನ ಸುತ್ತ ಇದ್ದ ನಾಲ್ಕೈದು ಮರಕ್ಕೆ ಅವಳು ಯಾವತ್ತೋ ಮೆಣಸಿನ ಬಳ್ಳಿ ಹಬ್ಬಿಸಿದ್ದಳು. ಸಾಹುಕಾರರನ್ನು ಕೇಳಿಯೇ ಹಬ್ಬಿಸಿದ್ದು. ಆ ಬಳ್ಳಿ ಕಾಯಿ ಬಿಡಲು ತೊಡಗಿದ್ದು ನಾನು ಪಿಯುಸಿಗೆ ಬರುವ ಹೊತ್ತಿಗೆ. ನೆಟ್ಟಾಗಲೇ ಆ ಲೆಕ್ಕ ಅವಳ ತಲೆಯಲ್ಲಿತ್ತು.

ಬಳೆಯ ಮಾತು ಬಂದಾಗ ಅಮ್ಮ ಯಾವಾಗಲೂ ಗೌರಮ್ಮನವರ ಕಥೆ ಹೇಳುತ್ತಿದ್ದಳು. ಕೊಡಗಿನ ಗೌರಮ್ಮ, ಕಥೆಗಾರ್ತಿ. ಅವರ ಗಂಡ ಸುಂಟಿಕೊಪ್ಪದ ಬಳಿ ತೋಟದ ಮ್ಯಾನೇಜರ್ ಆಗಿದ್ದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಅವರು ತನ್ನ ಮನೆಗೆ ಬರಲೇಬೇಕೆಂದು ಗೌರಮ್ಮ ಉಪವಾಸ ಕೂತರು. ಗಾಂಧೀಜಿ ಬಂದರು. ಗೌರಮ್ಮ ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟರು. ಅವರೂ ಗಂಡನ ಹೆಸರಿನಲ್ಲೇ, ಶ್ರೀಮತಿ ಬಿ.ಟಿ.ಜಿ. ಕೃಷ್ಣ ಎಂದು ಬರೆದವರು. 1939ರಲ್ಲಿ ಈಜಲು ಹೋಗಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಮಗ ಇನ್ನೂ ಚಿಕ್ಕವನು. ಸುಂಟಿಕೊಪ್ಪ ದಾಟುವಾಗಲೆಲ್ಲ ಅಮ್ಮ ಬಸ್ಸಿನ ಕಿಟಕಿಯಿಂದ ಆ ಕಡೆ ಬೆರಳು ತೋರಿಸುತ್ತಿದ್ದಳು. ಅವಳಿಗೆ ಒಡವೆಗಿಂತ ಆ ಉಪವಾಸ ಇಷ್ಟ. “ತನಗೆ ಬೇಕಾದ್ದನ್ನ ಹಟ ಹಿಡಿದು ಕೇಳಿದ್ಳು ನೋಡು” ಅನ್ನುತ್ತಿದ್ದಳು.

ಇನ್ನು ಕ್ಯಾಲೆಂಡರುಗಳು. ತೋಟದಲ್ಲಿ ಮಳೆ ಅಳೆಯುವುದು ಅಪ್ಪನ ಕೆಲಸ. ಬೆಳಿಗ್ಗೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಇಷ್ಟು ಇಂಚು ಇಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಎಂದು ಪುಸ್ತಕಕ್ಕೆ ಬರೆಯಬೇಕು. ಸರ್ಕಾರ ಮಿಲಿಮೀಟರ್ ಅಂದರೂ ಕೊಡಗಿನ ಬೆಳೆಗಾರರಿಗೆ ಇಂದಿಗೂ ಇಂಚು ಸೆಂಟ್ಸೇ. ಒಂದು ಮಳೆಗಾಲದಲ್ಲಿ ಅಪ್ಪ ಕಾಲು ಮುರಿದುಕೊಂಡು ಮಲಗಿದರು. ಆಗ ಅಮ್ಮ ಕೊಪ್ಪೆ ಹಾಕಿಕೊಂಡು ಹೋಗಿ ಅಳೆದು ಬಂದು ಅಪ್ಪನಿಗೆ ಹೇಳುತ್ತಿದ್ದಳು, ಅಪ್ಪ ಬರೆಯುತ್ತಿದ್ದರು. ಅವರ ಕಾಲು ಸರಿಹೋದ ಮೇಲೂ ಅಮ್ಮ ಬಿಡಲಿಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಕಿನ ಚೌಕದಲ್ಲಿ ಮಳೆ ಬರೆದಿಡಲು ಶುರು ಮಾಡಿದಳು. ಅದರ ಕೆಳಗೆ ಮನೆಯ ಸಂಗತಿ. ಹಾಲು ಬಂದಿಲ್ಲ. ಕಣಿಲೆ ಬಂತು. ಅಣಬೆ, ದೊಡ್ಡಮ್ಮ ಕೊಟ್ಟದ್ದು. ಮಗಳಿಗೆ ಸ್ವೆಟರ್. ಇವರಿಗೆ ಜ್ವರ. ಇವರಿಗೆ ಜ್ವರ. ಜ್ವರ ಬಿಟ್ಟಿತು.

ವರ್ಷ ಮುಗಿದ ಮೇಲೆ ಅವನ್ನು ಸುರುಳಿ ಸುತ್ತಿ, ದಾರ ಕಟ್ಟಿ, ಅಟ್ಟದಲ್ಲಿ ಇಡುತ್ತಿದ್ದಳು. ಹೊಗೆ ಹಿಡಿದು ಕಂದುಬಣ್ಣಕ್ಕೆ ತಿರುಗಿವೆ. ನಾನು ಎಲ್ಲವನ್ನೂ ಬಿಚ್ಚಿ ಓದಿದೆ. ತನಗೆ ಏನನ್ನಿಸಿತು ಎಂದು ಅಮ್ಮ ಎಲ್ಲೂ ಬರೆದಿಲ್ಲ. ಆದರೆ ಹಿಂದಿನ ವರ್ಷದ ಕ್ಯಾಲೆಂಡರು ನೋಡಿಕೊಂಡೇ ಅವಳು ಮುಂದಿನ ವರ್ಷ ನಡೆಸುತ್ತಿದ್ದಳು. ಸೌದೆ ಯಾವ ವಾರ ಮುಗಿಯಿತು, ತಮ್ಮನಿಗೆ ಉಬ್ಬಸ ಯಾವ ತಿಂಗಳು ಬಂತು, ದೊಡ್ಡ ಗಾಳಿ ಯಾವಾಗ, ಎಲ್ಲ ಅದರಲ್ಲಿದೆ. ತಮ್ಮನ ಉಬ್ಬಸಕ್ಕೆ ಬೇಕಾದ ಔಷಧಿ ನಮ್ಮ ಮನೆಯಲ್ಲಿ ಯಾವತ್ತೂ ಇಲ್ಲ ಅಂತ ಆದದ್ದಿಲ್ಲ. ಅದಕ್ಕೆ ಕಾರಣ ಈ ಚೌಕಗಳು.

2018ರ ಆಗಸ್ಟ್ ಹಾಳೆಯನ್ನು ಬಹಳ ಹೊತ್ತು ನೋಡುತ್ತಾ ಕೂತಿದ್ದೆ. ಆಗ ಅಪ್ಪ ನಿವೃತ್ತರಾಗಿ, ಮಾದಾಪುರದ ರಸ್ತೆಯಲ್ಲೇ ಒಂದು ಸಣ್ಣ ಮನೆ ಕಟ್ಟಿಕೊಂಡಿದ್ದರು. 14ರಿಂದಲೇ ಅಕ್ಷರ ದಪ್ಪ. ಪ್ರತಿ ಚೌಕದಲ್ಲೂ ಅಂಕಿಯ ಪಕ್ಕ ಒಂದು ಗೆರೆ. 16, 17ಕ್ಕೆ ಬೆಟ್ಟಗಳೇ ಜಾರಿದವು. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹಟ್ಟಿಹೊಳೆ, ಆ ಕಡೆ ಜೋಡುಪಾಲ. ತೋಟ, ಮನೆ, ರಸ್ತೆ ಎಲ್ಲ ಕೆಸರಿನ ಜೊತೆ ಇಳಿದು ಹೋದವು. ಮಡಿಕೇರಿಯಿಂದ ಹಟ್ಟಿಹೊಳೆ ಮೇಲೆ ಬರುವ ದಾರಿ ಕಡಿದುಹೋಯಿತು. ಜನ ಮಕ್ಕಳನ್ನು ಹೊತ್ತುಕೊಂಡು, ಮುದುಕರನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಬಂದರು.

ನಮ್ಮ ಮನೆಗೆ ಏನೂ ಆಗಲಿಲ್ಲ. ಅಮ್ಮನ ಅಟ್ಟ ತುಂಬಿತ್ತು. ಕರೆಂಟು ಇಲ್ಲ, ಸಿಲಿಂಡರ್ ಸಿಗುವುದಿಲ್ಲ, ಎಲ್ಲರ ಸೌದೆ ಒದ್ದೆ. ಇವಳ ಸೌದೆ ಒಣಗಿತ್ತು. ಗಂಜಿ ಕಾಯಿಸಿದಳು. ಏಪ್ರಿಲ್‌ನಲ್ಲಿ ಹಾಕಿದ ಮಿಡಿ ಉಪ್ಪಿನಕಾಯಿ ಜಾಡಿಯನ್ನು ಹಾಗೇ ಎತ್ತಿ ಮುಂದಿಟ್ಟಳು. ಬುಟ್ಟಿ ಕವುಚಿ, ಅವತ್ತು ಮನೆಗೆ ಬಂದ ಮಕ್ಕಳ ಬಟ್ಟೆ ಒಂದೊಂದಾಗಿ ಒಣಗಿಸಿದಳು. ಫೋನ್ ಸಿಕ್ಕಿದ ಮೇಲೆ ನಾನು ಮೈಸೂರಿನಿಂದ ಅಳುತ್ತಾ ಮಾತಾಡಿದರೆ ಅವಳು ಹೇಳಿದ್ದು ಇಷ್ಟು. “ನಾವು ಚೆನ್ನಾಗಿದೀವಿ. ಮಕ್ಕಳ ಸೈಜಿನ ಸ್ವೆಟರ್ ಇದ್ರೆ ಕಳಿಸು. ಹಳೇದಾದ್ರೂ ಪರ್ವಾಗಿಲ್ಲ, ಒಗೆದು ಕಳಿಸು.” ಆ ತಿಂಗಳ ಕ್ಯಾಲೆಂಡರಿನಲ್ಲಿ ಮನೆಗೆ ಬಂದು ಹೋದವರ ಲೆಕ್ಕವಿಲ್ಲ. ಒಂದು ಕಡೆ ಮಾತ್ರ ‘ಸೌದೆ ಮುಕ್ಕಾಲು ಖಾಲಿ’ ಎಂದಿದೆ.

ಕಾಯಿಲೆ ಗೊತ್ತಾದದ್ದು ತಡವಾಗಿ. ಮೈಸೂರಿನಲ್ಲಿ ಚಿಕಿತ್ಸೆ, ಓಡಾಟ, ಅದನ್ನೆಲ್ಲ ಬರೆಯುವುದಿಲ್ಲ. ಎರಡನೇ ಕೀಮೋ ಆದ ಮೇಲೆ ಅಮ್ಮ ಊರಿಗೆ ಕರೆದುಕೊಂಡು ಹೋಗು ಅಂದಳು. ಹೋದ ಮೇಲೆ ಅಡುಗೆಮನೆಯಲ್ಲಿ ಸ್ಟೂಲು ಹಾಕಿಸಿಕೊಂಡು ಕೂತು, ಅಪ್ಪನನ್ನು ಕರೆದಳು. “ಏನೂಂದ್ರೆ, ಬನ್ನಿ ಇಲ್ಲಿ. ಅಕ್ಕಿ ತೊಳೀರಿ.” ಎಪ್ಪತ್ತು ದಾಟಿದ ಅಪ್ಪ, ಅಲ್ಲಿವರೆಗೆ ನೀರು ಬಗ್ಗಿಸಿಕೊಂಡು ಕುಡಿದವರಲ್ಲ. ಅಮ್ಮ ಬೈಯಲಿಲ್ಲ, ಅವಸರವನ್ನೂ ಮಾಡಲಿಲ್ಲ. ಅನ್ನ, ಸಾರು, ಅಕ್ಕಿ ರೊಟ್ಟಿ, ಕಾಫಿ. ಬಿಪಿ ಮಾತ್ರೆ ಎಲ್ಲಿ, ಪಾಸ್‌ಬುಕ್ ಎಲ್ಲಿ, ಯಾವ ಮಳೆಗೆ ಹೆಂಚು ಎಲ್ಲಿ ಸೋರುತ್ತದೆ. ಒಂದು ಮಳೆಗಾಲ ಪೂರ್ತಿ ಕಲಿಸಿದಳು. ನಾನು ಮಾಡಿಕೊಡ್ತೀನಿ ಎಂದು ಎದ್ದರೆ ನನ್ನನ್ನು ಕೂರಿಸುತ್ತಿದ್ದಳು. “ನೀನು ಸುಮ್ನಿರು. ಇವರು ಕಲೀಲಿ.” ಅಪ್ಪ ಕಣ್ಣೊರೆಸಿಕೊಳ್ಳುತ್ತಲೇ ಈರುಳ್ಳಿ ಹೆಚ್ಚುತ್ತಿದ್ದರು. ಈರುಳ್ಳಿಯ ಕಣ್ಣೀರಲ್ಲ ಅದು ಎಂದು ಮೂವರಿಗೂ ಗೊತ್ತಿತ್ತು.

ಅಮ್ಮ ಹೋದದ್ದು ಜನವರಿಯಲ್ಲಿ, ಕಾಫಿ ಕುಯ್ಲಿನ ನಡುವೆ. ಕೆಲಸ ಬಿಟ್ಟು ಲೈನಿನವರೆಲ್ಲ ಬಂದರು. ಜಗಲಿಯಲ್ಲಿ ಕಾಗುಣಿತ ಕಲಿತಿದ್ದ ಒಬ್ಬಳು ಈಗ ಅಂಗನವಾಡಿಯಲ್ಲಿದ್ದಾಳೆ. ಅವಳೇ ಮುಂದೆ ನಿಂತು ಎಲ್ಲರಿಗೂ ಕಾಫಿ ಕೊಟ್ಟಳು.

ಅಪ್ಪ ಒಬ್ಬರೇ ಇದ್ದಾರೆ. ಮೈಸೂರಿಗೆ ಬನ್ನಿ ಅಂದರೆ ಮಳೆ ಅಳೆಯೋರು ಯಾರು ಅನ್ನುತ್ತಾರೆ. ಈಗ ಕ್ಯಾಲೆಂಡರಿನಲ್ಲಿ ಬರೆಯುವವರು ಅವರೇ. ಒಂದು ಅಡುಗೆ ಮಾತ್ರ ಅಮ್ಮ ಅವರಿಗೆ ಕಲಿಸಿರಲಿಲ್ಲ. ರಾಗಿ ಮುದ್ದೆ. ಅಪ್ಪನ ಮನೆಯವರು ಅನ್ನದವರು, ಮುದ್ದೆ ಅವರಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ತವರಿನಿಂದ ವರ್ಷಕ್ಕೊಂದು ಮೂಟೆ ರಾಗಿ ತರಿಸಿ, ಅಮ್ಮ ತನಗೊಬ್ಬಳಿಗೇ, ಎಲ್ಲರ ಊಟ ಮುಗಿದ ಮೇಲೆ, ಒಂದು ಸಣ್ಣ ಮುದ್ದೆ ತಿರುವಿಕೊಳ್ಳುತ್ತಿದ್ದಳು. ಅದೊಂದು ಅವಳು ಬಿಟ್ಟುಕೊಡದ ತನ್ನದೇ ಊಟ. ಮೊನ್ನೆ ಅಪ್ಪ ಫೋನ್ ಮಾಡಿ, ಆ ರಾಗಿ ಇನ್ನೂ ಅರ್ಧ ಮೂಟೆ ಇದೆ, ಹಿಟ್ಟು ಮಾಡಿಸಿದ್ದೀನಿ, ನೀರಿಗೆ ಹಿಟ್ಟು ಯಾವಾಗ ಹಾಕೋದು, ಎಷ್ಟು ಹೊತ್ತು ಕುದೀಬೇಕು ಎಂದು ಕೇಳಿದರು. ಅವರಿಗೆ ಗಂಟಿಲ್ಲದ ಮುದ್ದೆ ಕಟ್ಟುವುದನ್ನು ತೋರಿಸಲು ಈ ಶನಿವಾರ ಊರಿಗೆ ಹೊರಟಿದ್ದೇನೆ.